ಮಲ್ಪೆಯ ಕಲ್ಲು, ಪುಣೆಯ ಕಲ್ಲು

ರಜೆಗೆ ಊರಿಗೆ ಹೋದಾಗ ನಮ್ಮಲ್ಲಿ ಅನೇಕರು ಉಡುಪಿಯಲ್ಲಿ ಕೃಷ್ಣದರ್ಶನ ಮುಗಿಸಿ, ಮಲ್ಪೆಯಿಂದ ದೋಣಿಯೇರಿ ಸೇಂಟ್ ಮೇರೀಸ್ ದ್ವೀಪಗಳನ್ನು ನೋಡಿ ಬರುವುದುಂಟು. ಸ್ಥಳೀಯರು ಇವನ್ನು ತೋನ್ಸೆಪಾರ್ ಎನ್ನುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಮೇರಿಮಾತೆಯ ಹೆಸರಿಟ್ಟನೆಂಬ ಪ್ರತೀತಿಯಿದೆ. ಆದರೆ ಇಲ್ಲಿಯ ಕಲ್ಲುಗಳ ಚರಿತ್ರೆಯ ಮುಂದೆ ಅದು ನಿನ್ನೆಯ ಮಾತು.

ದ್ವೀಪದಲ್ಲಿ ಕಾಲಿಟ್ಟೊಡನೆ ಕಾಣುವುದು ಕಂಬಗಳಂತೆ ಒತ್ತೊತ್ತಾಗಿ ನಿಂತ ಕಲ್ಲುಗಳು. ಹೆಚ್ಚಿನವು ಐದು, ಆರು ಮುಖದವು. ಯಾವ ಶಿಲ್ಪಿಯೂ ಕಡೆದದ್ದಲ್ಲ. ಭೂಗರ್ಭದಿಂದ ಉಕ್ಕಿದ ಲಾವಾರಸ ಆರುತ್ತ ಕುಗ್ಗಿ, ಒಣಗಿದ ಕೆರೆಯ ಕೆಸರಿನಂತೆ ಬಿರಿಯಿತು. ಬಿರುಕುಗಳು ಆಳಕ್ಕಿಳಿದು ಕಂಬಗಳಾದವು.

ಇದು ನಡೆದದ್ದು ಸುಮಾರು 9 ಕೋಟಿ ವರ್ಷಗಳ ಹಿಂದೆ. ಆಗ ನಮ್ಮ ಕರಾವಳಿಯ ಪಡುವಣಕ್ಕೆ ಕಡಲಿರಲಿಲ್ಲ, ಮಡಗಾಸ್ಕರ್ ಇತ್ತು. ಆಫ್ರಿಕದಿಂದ ಮೊದಲೇ ಬೇರ್ಪಟ್ಟು ಜೊತೆಯಾಗಿದ್ದ ಈ ಎರಡು ನೆಲಗಳು ಆ ಕಾಲದಲ್ಲಿ ಸೀಳಿಕೊಂಡವು. ಸೀಳಿನಲ್ಲಿ ಲಾವಾ ಉಕ್ಕಿತು. ಭಾರತ ಉತ್ತರಕ್ಕೆ ಸರಿಯಿತು. ಮಡಗಾಸ್ಕರ್ ದ್ವೀಪವಾಗಿ ಉಳಿಯಿತು. ಅದರ ಪೂರ್ವ ಕರಾವಳಿಯಲ್ಲಿ ಇದೇ ಕಾಲದ ಲಾವಾ ಶಿಲೆಗಳಿವೆ. ಅಲ್ಲಿಯ ಅತಿ ಪುರಾತನ ಶಿಲೆಗಳು ನಮ್ಮ ಪಶ್ಚಿಮ ಕರ್ನಾಟಕದ ಶಿಲೆಗಳನ್ನು ಹೋಲುತ್ತವೆ. 1960ರಲ್ಲಿ ಸ್ವತಂತ್ರವಾದ ಆ ದೇಶ ಒಂದು ಕಾಲಕ್ಕೆ ನಮ್ಮ ನೆರೆಮನೆ!

ಇನ್ನು ನಾವು ಅನ್ನ ಹುಡುಕಿ ಬಂದು ನೆಲೆಸಿದ ಪುಣೆ. ಇಲ್ಲಿಯ ಕರಿಕಲ್ಲೂ ಲಾವಾದ್ದೇ, ಆದರೆ ಕಿರಿಯದು. ವಯಸ್ಸು ಸುಮಾರು 6.6 ಕೋಟಿ ವರ್ಷ. ಬೆಳಗಾವಿ, ವಿಜಯಪುರಗಳ ಎರೆಮಣ್ಣು ಈ ಜಾತಿಯ ಕಲ್ಲು ಸವೆದು ಆದದ್ದು. ಜಂಗಲಿ ಮಹಾರಾಜ ರಸ್ತೆಯ ಪಾತಾಳೇಶ್ವರ ಗುಹಾಲಯವನ್ನು, ನಮ್ಮ ರಾಷ್ಟ್ರಕೂಟರ ಕಾಲದ್ದೆನ್ನುವ ಆ ಗುಡಿಯನ್ನು, ಕೊರೆದಿರುವುದು ಈ ಕಲ್ಲಿನಲ್ಲಿಯೇ. ಈ ಲಾವಾ ಹರಿದ ನಂತರ ಭಾರತದಿಂದ ಮತ್ತೊಂದು ತುಣುಕು ಕಳಚಿತು. ಅದೇ 1976ರಲ್ಲಿ ಸ್ವತಂತ್ರವಾದ ಸೆಶೆಲ್ಸ್ ದ್ವೀಪರಾಷ್ಟ್ರದ ನೆಲ. ಮಲ್ಪೆಯ ಕಲ್ಲು ಒಂದು ಅಗಲಿಕೆಯ ಗುರುತು, ಪುಣೆಯ ಕಲ್ಲು ಇನ್ನೊಂದರದು.

ತೋನ್ಸೆಪಾರಿನ ಕಂಬಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದೆ. ಆದರೂ ನಾವು ಹಿಂದೊಮ್ಮೆ ಹೋದಾಗ ನೆನಪಿಗೆಂದು ಅಲ್ಲಿಂದ ಒಂದು ಚೂರು ತಂದು ಷೋಕೇಸಿನಲ್ಲಿಟ್ಟೆವು. ಈಗ ಅದನ್ನು ಕಂಡಾಗ ನಾಚಿಕೆಯಾಗುತ್ತದೆ. ಮುರಿದ ಗುಡಿಯನ್ನು ಮತ್ತೆ ಕಟ್ಟಬಹುದು. ಆ ಲಾವಾ ಮತ್ತೆ ಉಕ್ಕುವುದಿಲ್ಲ. ಬಂದವರೆಲ್ಲ ಒಂದೊಂದು ಚೂರು ಒಯ್ದರೆ ಉಳಿಯುವುದೇನು? ಬರುವ ರಜೆಯಲ್ಲಿ ಅದನ್ನು ಅಲ್ಲಿಯೇ ಇಟ್ಟು ಬರುವುದೆಂದು ನಿಶ್ಚಯಿಸಿದ್ದೇವೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವವರು ಕಲ್ಲಿನ ಬದಲು ಈ ಕಥೆಯನ್ನು ಮನೆಗೆ ತರಲಿ.