ಮನೋಧರ್ಮವನ್ನು ಬರೆದಿಡುವ ಯಂತ್ರ

ಕೃತಿಯನ್ನು ಸ್ವರಲಿಪಿಯಲ್ಲಿ ಬರೆದಿಡಬಹುದು. ಆದರೆ ಗಾಯಕನೋ ವಾದಕನೋ ಆ ಗಳಿಗೆಯಲ್ಲಿ ಕಲ್ಪಿಸಿದ್ದನ್ನು ಹಿಡಿದಿಡುವುದು ಹೇಗೆ? “ಈಗ ನುಡಿಸಿದೆಯಲ್ಲ, ಅದನ್ನೇ ಇನ್ನೊಮ್ಮೆ ನುಡಿಸು” ಎಂದರೆ ಎಷ್ಟೋ ಸಲ ನುಡಿಸಿದವನಿಗೇ ಅದು ಮರಳಿ ಒದಗುವುದಿಲ್ಲ. ಇಂದು ನಮ್ಮ ಮನೆಗಳ ಮಕ್ಕಳು ಕೀಬೋರ್ಡನ್ನು ಕಂಪ್ಯೂಟರಿಗೆ ಜೋಡಿಸಿ, ತೋಚಿದ್ದನ್ನು ನುಡಿಸಿ, ಕೂಡಲೇ ಪರದೆಯ ಮೇಲೆ ನೋಡುತ್ತಾರೆ. ಇದು ನಿನ್ನೆ ಮೊನ್ನೆಯ ಕನಸಲ್ಲ. ಇದಕ್ಕೆ ಸುಮಾರು 280 ವರ್ಷಗಳ ಇತಿಹಾಸವಿದೆ.

1747ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಕ್ರೀಡ್ ಎಂಬ ಪಾದ್ರಿಯ ಲೇಖನವೊಂದು ಪ್ರಕಟವಾಯಿತು. ವಾದಕನು ಆಶುವಾಗಿ ನುಡಿಸಿದ್ದನ್ನು ನುಡಿಸಿದಂತೆಯೇ ಬರೆದುಕೊಳ್ಳುವ ಯಂತ್ರ ಸಾಧ್ಯವೆಂಬುದು ಅದರ ವಾದ. ಕೆಲವೇ ವರ್ಷಗಳಲ್ಲಿ ಜರ್ಮನಿಯ ಉಂಗರ್ ಎಂಬಾತ ಇದೇ ಬಗೆಯ ಯೋಜನೆಯನ್ನು ಬರ್ಲಿನ್ ಅಕಾಡೆಮಿಗೆ ಕಳುಹಿಸಿದ. ಹೋಲ್‌ಫೆಲ್ಡ್ ಎಂಬ ಕುಶಲಿ ಅಂಥ ಯಂತ್ರವನ್ನು ಮಾಡಿಯೂ ತೋರಿಸಿದ. ಅದರ ತತ್ತ್ವ ಸರಳ. ಕಾಗದದ ಪಟ್ಟಿ ಉರುಳೆಗಳ ಮೇಲೆ ಒಂದೇ ವೇಗದಲ್ಲಿ ಸಾಗುತ್ತದೆ. ಮನೆಯನ್ನು ಒತ್ತಿದಾಗ ಸೀಸದಕಡ್ಡಿ ಗೆರೆ ಎಳೆಯುತ್ತದೆ, ಬಿಟ್ಟಾಗ ನಿಲ್ಲುತ್ತದೆ. ಗೆರೆ ಇರುವ ಜಾಗದಿಂದ ಸ್ವರ ತಿಳಿಯುತ್ತದೆ, ಗೆರೆಯ ಉದ್ದದಿಂದ ಕಾಲ ತಿಳಿಯುತ್ತದೆ. ಆದರೆ ಆ ಗೆರೆಗಳನ್ನು ಮತ್ತೆ ಸ್ವರಲಿಪಿಗೆ ಇಳಿಸುವುದು ದೊಡ್ಡ ತಲೆನೋವು. ಯಂತ್ರ ಬಳಕೆಗೆ ಬರಲಿಲ್ಲ.

1877ರಲ್ಲಿ ಎಡಿಸನ್ನನ ಫೋನೋಗ್ರಾಫ್ ಬಂದಿತು. ಅದು ಬೆರಳಿನ ಚಲನೆಯನ್ನು ಬಿಟ್ಟು ನಾದವನ್ನೇ ಹಿಡಿಯಿತು. 1902ರಲ್ಲಿ ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನರ ಗಾಯನವನ್ನು ಮುದ್ರಿಸಿಕೊಂಡ. ಗಂಟೆಗಟ್ಟಲೆ ವಿಸ್ತರಿಸಬೇಕಾದ ರಾಗವನ್ನು ಆಕೆ ಸುಮಾರು ಮೂರು ನಿಮಿಷಗಳಲ್ಲಿ ಅಡಕಗೊಳಿಸಬೇಕಾಯಿತು. ತಟ್ಟೆಯಲ್ಲಿ ಅಷ್ಟೇ ಜಾಗ! ಈ ಮಹಾನ್ ಗಾಯಕಿ ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದು, 1930ರಲ್ಲಿ ಅಲ್ಲಿಯೇ ತೀರಿಕೊಂಡರು.

ಆ ಮೂರು ನಿಮಿಷಗಳು ವ್ಯರ್ಥವಾಗಲಿಲ್ಲ. ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಎಂಬ ಬಾಲಕ, ಉಸ್ತಾದರ ತಟ್ಟೆಗಳನ್ನು ಕೇಳಿ ಅವರಂತೆಯೇ ಹಾಡಿ ಸಭೆಗಳನ್ನು ಬೆರಗುಗೊಳಿಸಿದ. ಮುಂದೆ ಮುಂಬಯಿಯಲ್ಲಿ ಬಿ. ಆರ್. ದೇವಧರರ ಬಳಿ ಕಲಿತು, ಅನುಕರಣೆಯನ್ನು ದಾಟಿ ತನ್ನದೇ ದಾರಿ ಕಂಡುಕೊಂಡ. ಅವರೇ ಕುಮಾರ ಗಂಧರ್ವರು. ತಟ್ಟೆ ಮಾದರಿಯನ್ನು ಕೊಟ್ಟಿತು, ಮನೋಧರ್ಮವನ್ನು ಕೊಡಲಿಲ್ಲ. ಅದು ಗುರುವಿನಿಂದ ಮತ್ತು ಸಾಧನೆಯಿಂದ ಬಂದಿತು.

1948ರಲ್ಲಿ ಎಲ್‌ಪಿ ತಟ್ಟೆ ಬಂದಮೇಲೆ ಕಾಲದ ಕಟ್ಟು ಸಡಿಲವಾಯಿತು. 1955ರಲ್ಲಿ ಅಲಿ ಅಕ್ಬರ್ ಖಾನರು ಅಮೆರಿಕದಲ್ಲಿ ತಟ್ಟೆಯ ಒಂದೊಂದು ಮಗ್ಗುಲನ್ನು ಒಂದೊಂದು ರಾಗಕ್ಕೆ ಮೀಸಲಿಟ್ಟು ನುಡಿಸಿದರು.

ಇನ್ನು ಕಂಪ್ಯೂಟರಿನ ಕಥೆ. 1983ರಲ್ಲಿ ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೋ ಕಾಕೆಹಾಶಿ ಮೊದಲಾದವರ ಪ್ರಯತ್ನದಿಂದ ‘ಮಿಡಿ’ ಎಂಬ ಸಂಕೇತ ಪದ್ಧತಿ ಜಾರಿಗೆ ಬಂದಿತು. ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತಾಡತೊಡಗಿದವು. ಮಿಡಿಯಲ್ಲಿ ನಾದ ಹರಿಯುವುದಿಲ್ಲ, ಸುದ್ದಿ ಮಾತ್ರ ಹರಿಯುತ್ತದೆ: 128 ಸ್ವರಸ್ಥಾನಗಳಲ್ಲಿ ಯಾವುದನ್ನು ಒತ್ತಿದ್ದು, ಎಷ್ಟು ರಭಸದಿಂದ, ಯಾವಾಗ ಬಿಟ್ಟದ್ದು. ತಂತ್ರಾಂಶ ಇದನ್ನು ಪರದೆಯ ಮೇಲೆ ಅಡ್ಡಗೆರೆಗಳಾಗಿ ತೋರಿಸುತ್ತದೆ. ವಾಚಕರೇ, ಇದು ಕ್ರೀಡ್ ಪಾದ್ರಿಯ ಕಾಗದದ ಪಟ್ಟಿಯಲ್ಲದೆ ಮತ್ತೇನು? ಅಂದು ಬಗೆಹರಿಯದ ಲಿಪಿಯ ತೊಡಕನ್ನು ಇಂದು ಯಂತ್ರವೇ ಬಹುಮಟ್ಟಿಗೆ ಬಿಡಿಸುತ್ತದೆ. 2018ರಲ್ಲಿ ‘ಏಬಲ್ಟನ್ ಲೈವ್’ ತಂತ್ರಾಂಶ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ರೆಕಾರ್ಡ್ ಗುಂಡಿ ಒತ್ತಲು ಮರೆತಿದ್ದರೂ, ಈಗತಾನೇ ನುಡಿಸಿದ್ದನ್ನು ಅದು ಹಿಂದಿರುಗಿಸಬಲ್ಲದು.

ಆದರೆ ಎಚ್ಚರಿಕೆಯ ಮಾತೊಂದಿದೆ. ಅಂದು ತಟ್ಟೆಯ ಅಳತೆಗೆ ರಾಗ ಕುಗ್ಗಿತು. ಇಂದು ತಂತ್ರಾಂಶದ ಚೌಕಗಳಿಗೆ ಲಯ ಸಿಕ್ಕಿಬೀಳುತ್ತದೆ. ಚೂರು ಹಿಂದೆ, ಚೂರು ಮುಂದೆ ಬಿದ್ದ ಸ್ವರಗಳನ್ನು ಒಂದೇ ಗುಂಡಿಯಿಂದ ಸಾಲಾಗಿ ನಿಲ್ಲಿಸಬಹುದು. ಹಾಗೆ ನಿಲ್ಲಿಸಿದಾಗ ತಪ್ಪಿನ ಜೊತೆಗೆ ಮಗುವಿನ ಕೈಯ ಗುರುತೂ ಅಳಿಸಿಹೋಗುತ್ತದೆ. ನಮ್ಮ ಗಮಕವಂತೂ ಎರಡು ಮನೆಗಳ ನಡುವೆ ತೂಗುವಂಥದು. ಸ್ವರವನ್ನು ಬಾಗಿಸುವ ಚಕ್ರ ಕೀಬೋರ್ಡಿನಲ್ಲಿದ್ದರೂ ಅದನ್ನು ಪಳಗಿಸುವುದು ಸುಲಭವಲ್ಲ. ಹಾಡನ್ನೂ ಪಿಟೀಲು, ವೀಣೆಗಳನ್ನೂ ಮಿಡಿಗೆ ಇಳಿಸುವ ಬದಲು ನಾದವಾಗಿಯೇ ಮುದ್ರಿಸುವುದು ಲೇಸು.

ನಮ್ಮಂಥ ಗುಮಾಸ್ತರಿಗೆ ಕರಡು ಪ್ರತಿಯ ಬೆಲೆ ಗೊತ್ತು. ಶುದ್ಧಪ್ರತಿ ತಯಾರಾದ ಮೇಲೂ ಕರಡನ್ನು ಕಡತದಿಂದ ಕಿತ್ತೆಸೆಯುವುದಿಲ್ಲ. ನಿರ್ಧಾರ ಹೇಗೆ ಮೂಡಿತೆಂಬುದು ಅದರಲ್ಲಿರುತ್ತದೆ. ಮಕ್ಕಳು ತೋಚಿದಂತೆ ನುಡಿಸಿದ್ದನ್ನೂ ತಿದ್ದುವ ಮುನ್ನ ಒಂದು ಪ್ರತಿ ಹಾಗೆಯೇ ಇಡೋಣ. ದಿನಾಂಕ ಹಾಕೋಣ, ರಾಗದ ಹೆಸರು ತಿಳಿದಿದ್ದರೆ ಬರೆಯೋಣ. ಪರವೂರಿನಲ್ಲಿ ನಿವೃತ್ತಿಯ, ವರ್ಗಾವಣೆಯ ಗಡಿಬಿಡಿಯಲ್ಲಿ ಮನೆ ಖಾಲಿ ಮಾಡುವಾಗ ಎಷ್ಟೋ ಕ್ಯಾಸೆಟ್ಟುಗಳು ರದ್ದಿಗೆ ಹೋಗಿವೆ. ಅವುಗಳಲ್ಲಿದ್ದ ಅಜ್ಜಿಯ ಹಾಡು ಮತ್ತೆ ಸಿಕ್ಕುವುದಿಲ್ಲ. ಮಕ್ಕಳ ಪಾಲಿಗೆ ಹಾಗಾಗದಿರಲಿ. ಯಂತ್ರ ಕಾಯಲಿ, ಕಲ್ಪಿಸುವ ಕೆಲಸ ಮಾತ್ರ ಮಗುವಿನದಾಗಿಯೇ ಇರಲಿ.