ಆಳಿನ ಅಳತೆಗೆ ತಕ್ಕ ದಾಂಡು

ಗುದ್ದಲಿಗೆ ಕಾವು ಹಾಕಿಸಲು ಬಂದ ರೈತನನ್ನು ಹಳ್ಳಿಯ ಬಡಗಿ ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡುತ್ತಾನೆ. ಆಳು ಎತ್ತರವಿದ್ದರೆ ಕಾವೂ ನಾಲ್ಕು ಬೆರಳು ಉದ್ದ; ಕುಳ್ಳಗಿದ್ದರೆ ಅಷ್ಟೇ ಗಿಡ್ಡ. ಕಾವು ಗಿಡ್ಡವಾದರೆ ಸಂಜೆಗೆ ಸೊಂಟ ಹಿಡಿಯುತ್ತದೆ, ಉದ್ದವಾದರೆ ಏಟು ಬೀಳಬೇಕಾದಲ್ಲಿ ಬೀಳುವುದಿಲ್ಲ. ಇಷ್ಟು ಸರಳವಾದ ಈ ಮಾತನ್ನು ಗಾಲ್ಫ್ ಎಂಬ ಸಿರಿವಂತರ ಆಟ ಒಂದು ಕಾಲದಲ್ಲಿ ಚೆನ್ನಾಗಿ ಬಲ್ಲದಾಗಿತ್ತು, ನಡುವೆ ಹಲವು ದಶಕಗಳ ಕಾಲ ಮರೆತಿತ್ತು, ಆಮೇಲೆ ಸಾಕಷ್ಟು ಹಣ ವ್ಯಯಿಸಿ ಮತ್ತೆ ಕಲಿಯಿತು ಎಂದರೆ ಓದುಗರಿಗೆ ಅಚ್ಚರಿಯಾಗಬಹುದು.

ಗಾಲ್ಫ್‌ನ ತವರು ಸ್ಕಾಟ್ಲೆಂಡ್. ಜನರು ಬಿಲ್ವಿದ್ಯೆಯ ಅಭ್ಯಾಸ ಬಿಟ್ಟು ಈ ಆಟದಲ್ಲಿ ಮೈಮರೆಯುತ್ತಾರೆಂದು ಅಲ್ಲಿನ ಸಂಸತ್ತು 1457ರಲ್ಲಿ ಅದನ್ನು ನಿಷೇಧಿಸಿತ್ತು. ಸ್ವಾರಸ್ಯವೆಂದರೆ, ಮುಂದೆ ಗಾಲ್ಫ್ ದಾಂಡು ಮಾಡಿಕೊಟ್ಟವರು ಬಿಲ್ಲು ಮಾಡುವವರೇ. 1502ರಲ್ಲಿ ದೊರೆ ನಾಲ್ಕನೆಯ ಜೇಮ್ಸ್ ಪರ್ತ್ ಪಟ್ಟಣದ ಬಿಲ್ಲುಗಾರನೊಬ್ಬನಿಂದ ದಾಂಡುಗಳನ್ನು ಕೊಂಡದ್ದು ಅರಮನೆಯ ಖರ್ಚಿನ ಲೆಕ್ಕದಲ್ಲಿದೆ. 1603ರಲ್ಲಿ ಅರಸನ ದಾಂಡು ತಯಾರಕನಾಗಿ ನೇಮಕಗೊಂಡ ವಿಲಿಯಂ ಮೇನ್ ಕೂಡ ಎಡಿನ್‌ಬರೋದ ಬಿಲ್ಲುಗಾರನೇ.

ಇದು ಆಕಸ್ಮಿಕವಲ್ಲ. ಮರ ಎಷ್ಟು ಬಾಗಿ ಎಷ್ಟು ಬೇಗ ನೆಟ್ಟಗಾಗುತ್ತದೆ ಎಂಬುದು ಬಿಲ್ಲು ಮಾಡುವವನಿಗೆ ಗೊತ್ತಿತ್ತು. ತೋಳಿನ ಬಲ ನೋಡಿ ಬಿಲ್ಲಿನ ಬಿಗಿ ನಿರ್ಧರಿಸುವುದು ಅವನ ಕಸುಬು. ದಾಂಡಿಗೂ ಬೇಕಾದದ್ದು ಅದೇ ವಿದ್ಯೆ. ಬೀಸಿದಾಗ ಅದರ ಕೋಲು ಬಿಲ್ಲಿನಂತೆ ತುಸು ಬಾಗಿ, ಚೆಂಡಿಗೆ ತಾಗುವ ಹೊತ್ತಿಗೆ ನೇರವಾಗಬೇಕು. ಬೀಸು ನಿಧಾನವಾದವನಿಗೆ ಮೆದುವಾದ ಕೋಲು, ರಭಸದವನಿಗೆ ಬಿಗಿಯಾದ ಕೋಲು. ಹತ್ತೊಂಬತ್ತನೆಯ ಶತಮಾನದಲ್ಲಿ ಸೇಂಟ್ ಆ್ಯಂಡ್ರೂಸ್ ಊರಿನ ಹ್ಯೂ ಫಿಲ್ಪ್ ಈ ಕೆಲಸದಲ್ಲಿ ಹೆಸರಾಗಿದ್ದ. ಮುಂದೆ ಅಮೆರಿಕದಿಂದ ಹಿಕರಿ ಎಂಬ ಗಟ್ಟಿ ಮರ ಬಂತು. ಕುಶಲಕರ್ಮಿ ಅದನ್ನು ಹೆರೆದು, ಗಿರಾಕಿಯ ಕೈಗೆ ಕೊಟ್ಟು ಬೀಸಿಸಿ, ಮತ್ತೆ ಹೆರೆದು ಹದಕ್ಕೆ ತರುತ್ತಿದ್ದ. ಅಳತೆಪಟ್ಟಿಗಿಂತ ಕೈಯ ಅನುಭವವೇ ಅಲ್ಲಿ ಪ್ರಮಾಣ.

ಈ ಪದ್ಧತಿಗೆ ಕೊನೆ ಹಾಡಿದ್ದು ಉಕ್ಕಿನ ಕೊಳವೆ. ಹಿಕರಿ ಏಟಿಗೆ ತಿರುಚಿಕೊಳ್ಳುತ್ತಿತ್ತು, ಹವೆಗೆ ಬಾಗುತ್ತಿತ್ತು, ಒಂದು ಕೋಲು ಇನ್ನೊಂದರಂತೆ ಇರುತ್ತಿರಲಿಲ್ಲ. ಉಕ್ಕಿಗೆ ಈ ತೊಂದರೆಗಳಿಲ್ಲ. ಅಮೆರಿಕದ ಗಾಲ್ಫ್ ಸಂಸ್ಥೆ 1924ರಲ್ಲಿ ಉಕ್ಕಿನ ಕೋಲಿಗೆ ಒಪ್ಪಿಗೆ ಕೊಟ್ಟಿತು; ಸೇಂಟ್ ಆ್ಯಂಡ್ರೂಸ್‌ನ ಹಿರಿಯರು ಒಪ್ಪಲು 1929 ಬರಬೇಕಾಯಿತು. 1930ರಲ್ಲಿ ಬಾಬಿ ಜೋನ್ಸ್ ಒಂದೇ ವರ್ಷ ನಾಲ್ಕು ದೊಡ್ಡ ಪ್ರಶಸ್ತಿಗಳನ್ನು ಗೆದ್ದದ್ದು ಹಿಕರಿ ದಾಂಡುಗಳಿಂದ. ಮರುವರ್ಷವೇ ಬಿಲ್ಲಿ ಬರ್ಕ್ ಉಕ್ಕಿನ ದಾಂಡುಗಳಿಂದ ಅಮೆರಿಕದ ಓಪನ್ ಗೆದ್ದ. ಅಲ್ಲಿಗೆ ಮರದ ಕಾಲ ಮುಗಿಯಿತು.

ಜೋನ್ಸ್ ಬಗ್ಗೆ ಗಾಲ್ಫ್ ವಲಯದಲ್ಲಿ ಒಂದು ಕಥೆ ಪ್ರಚಲಿತವಾಗಿದೆ. ಬರಿಗೈಯ ಹದದಿಂದಲೇ ಅವನು ಒಂದೊಂದಾಗಿ ಆರಿಸಿಕೊಂಡಿದ್ದ ದಾಂಡುಗಳನ್ನು ನಂತರ ತೂಗಿ ನೋಡಿದಾಗ, ಒಂದನ್ನುಳಿದು ಮಿಕ್ಕೆಲ್ಲದರ ಸಮತೋಲ ಒಂದೇ ಆಗಿತ್ತಂತೆ. ಆ ಒಂದು ದಾಂಡು ಮಾತ್ರ ಅವನನ್ನು ಸದಾ ಕಾಡುತ್ತಿತ್ತಂತೆ!

ಉಕ್ಕಿನೊಡನೆ ಬಂದದ್ದು ಕಾರ್ಖಾನೆ. ಮ್ಯಾಶಿ, ನಿಬ್ಲಿಕ್ ಎಂಬ ಹಳೆಯ ಹೆಸರುಗಳ ಜಾಗದಲ್ಲಿ ಅಂಕಿಗಳು ಬಂದವು; ದಾಂಡುಗಳು ಜೊತೆಜೊತೆಯಾಗಿ ಪೆಟ್ಟಿಗೆಯಲ್ಲಿ ಮಾರಾಟವಾದವು. ಕೆಲವರು ಇಪ್ಪತ್ತಕ್ಕೂ ಮೇಲ್ಪಟ್ಟು ಹೊತ್ತು ತರತೊಡಗಿದಾಗ ಅಮೆರಿಕದಲ್ಲಿ 1938ರಲ್ಲಿ ಹದಿನಾಲ್ಕರ ಮಿತಿ ಹಾಕಬೇಕಾಯಿತು. ಪೆಟ್ಟಿಗೆಯ ದಾಂಡು ಯಾರ ಅಳತೆಯದು? ಸಾಧಾರಣ ಎತ್ತರದ ಗಂಡಸಿನದು. ಉಳಿದವರು ತಮ್ಮ ಮೈಯನ್ನೇ ದಾಂಡಿಗೆ ಹೊಂದಿಸಿಕೊಳ್ಳಬೇಕಾಯಿತು. ಎತ್ತರದವನು ಬೆನ್ನು ಬಗ್ಗಿಸಿದ, ಕುಳ್ಳನು ಹಿಡಿಯ ಕೆಳಗೆ ಹಿಡಿದ. ಹೆಂಗಸರು, ಮಕ್ಕಳು ಗಂಡಸರ ದಾಂಡನ್ನೇ ಕತ್ತರಿಸಿ ಬಳಸಿದ್ದುಂಟು. ಕತ್ತರಿಸಿದರೆ ಉದ್ದವೇನೋ ಸರಿಹೋಗುತ್ತದೆ. ಆದರೆ ಕೋಲು ಗಿಡ್ಡವಾದಷ್ಟೂ ಬಿಗಿಯಾಗುತ್ತದೆ. ತಲೆಯ ತೂಕ ಕೈಗೆ ತಿಳಿಯದಂತಾಗುತ್ತದೆ. ಮೆದು ಕೋಲು ಬೇಕಾದ ಎಳೆಯ ತೋಳಿಗೆ ಸಿಕ್ಕಿದ್ದು ಎಲ್ಲಕ್ಕಿಂತ ಬಿಗಿಯಾದದ್ದು. ಚೆಂಡು ಏಳದಿದ್ದಾಗ ತಪ್ಪು ಯಾರದೆಂದು ಹೊರಿಸಲಾಯಿತು? ಆಡುವವರದೇ.

ಈ ತಪ್ಪನ್ನು ತಿದ್ದಿದವರಲ್ಲಿ ಮುಖ್ಯನಾದವನು ಕಾರ್ಸ್ಟನ್ ಸೋಲ್‌ಹೈಮ್. 1911ರಲ್ಲಿ ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಈತ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಎಂಜಿನಿಯರ್. ನಡುವಯಸ್ಸಿನಲ್ಲಿ ಗಾಲ್ಫ್ ಕಲಿಯಹೋಗಿ, ಕೈಲಿದ್ದ ದಾಂಡು ಮೆಚ್ಚಿಕೆಯಾಗದೆ, 1959ರಲ್ಲಿ ತಾನೇ ಒಂದನ್ನು ಮಾಡಿದ. ಚೆಂಡಿಗೆ ತಾಗಿದಾಗ ಅದು ಹೊರಡಿಸಿದ ಸದ್ದೇ ‘ಪಿಂಗ್’ ಎಂಬ ಹೆಸರಾಯಿತು. 1970ರ ದಶಕದಲ್ಲಿ ಅವನ ಕಂಪನಿ ಬಣ್ಣದ ಚುಕ್ಕೆಗಳ ಪದ್ಧತಿ ತಂದಿತು. ಕಪ್ಪು ಚುಕ್ಕೆ ಸಾಧಾರಣ ಅಳತೆಯವರಿಗೆ, ಕೆಂಪು ಚುಕ್ಕೆಯ ದಾಂಡು ಹೆಚ್ಚು ಓರೆ, ನೀಲಿಯದು ಹೆಚ್ಚು ನೆಟ್ಟಗೆ.

ಇಲ್ಲಿನ ಸೂಕ್ಷ್ಮವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದಾಂಡಿನ ತಲೆ ನೆಲದ ಮೇಲೆ ಸಮತಟ್ಟಾಗಿ ಕೂತಾಗ ಕೋಲು ಒಂದು ಕೋನದಲ್ಲಿ ನಿಲ್ಲುತ್ತದೆ. ಆ ಕೋನ ಆಟಗಾರನಿಗೆ ಹೊಂದದಿದ್ದರೆ ತಲೆಯ ಒಂದು ತುದಿ ಮೇಲೇಳುತ್ತದೆ. ಹೊರತುದಿ ಎದ್ದರೆ ಬಲಗೈ ಆಟಗಾರನ ಚೆಂಡು ಎಡಕ್ಕೆ, ಹಿಮ್ಮಡಿ ಎದ್ದರೆ ಬಲಕ್ಕೆ ಸರಿಯುತ್ತದೆ. ಇದನ್ನು ಕಂಡುಹಿಡಿಯಲು ತಲೆಯ ಅಡಿಗೆ ಪಟ್ಟಿ ಅಂಟಿಸಿ, ಗಟ್ಟಿ ಹಲಗೆಯ ಮೇಲಿಟ್ಟ ಚೆಂಡನ್ನು ಹೊಡೆಸುತ್ತಾರೆ. ಪಟ್ಟಿಯ ಮೇಲಿನ ಉಜ್ಜಿದ ಗುರುತು ಎಲ್ಲಿದೆಯೆಂದು ನೋಡಿದರೆ ಸಾಕು.

ಎತ್ತರವೊಂದನ್ನೇ ನಂಬುವುದೂ ತಪ್ಪು. ಆರಡಿಯ ಮನುಷ್ಯನಿಗೆ ಕೈಗಳೂ ನೀಳವಾಗಿದ್ದರೆ ಸಾಧಾರಣ ಉದ್ದದ ದಾಂಡೇ ಸಾಕಾದೀತು. ಆದ್ದರಿಂದ ಮಣಿಕಟ್ಟಿನಿಂದ ನೆಲಕ್ಕಿರುವ ದೂರವನ್ನೂ ಅಳೆಯುತ್ತಾರೆ. ಆಮೇಲೆ ಬೀಸಿನ ವೇಗ, ಕೋಲಿನ ಬಿಗಿ, ತೂಕ, ಹಿಡಿಯ ದಪ್ಪ. ಉದ್ದ ದಾಂಡು ರಭಸ ಹೆಚ್ಚಿಸುತ್ತದೆ ನಿಜ, ಆದರೆ ಚೆಂಡನ್ನು ನಟ್ಟನಡುವೆ ತಾಗಿಸುವುದನ್ನು ಕಷ್ಟಮಾಡುತ್ತದೆ. ನಿಯಮವೂ 48 ಅಂಗುಲದ ಮೇಲೆ ಬಿಡುವುದಿಲ್ಲ. 2022ರಿಂದ ವೃತ್ತಿಪರ ಸ್ಪರ್ಧೆಗಳು ಬಯಸಿದರೆ 46ಕ್ಕೇ ಮಿತಿ ಹಾಕಬಹುದು.

ಈಗ ಬಿಲ್ಲುಗಾರನ ಕಣ್ಣಿನ ಜಾಗದಲ್ಲಿ ರೇಡಾರ್ ಕುಳಿತಿದೆ. ಚೆಂಡಿನ ವೇಗ, ಏರು, ಗಿರಕಿ ಎಲ್ಲವನ್ನೂ ಅದು ಕ್ಷಣದಲ್ಲಿ ಹೇಳುತ್ತದೆ. ಉಕ್ಕು ತಂದ ಏಕರೂಪತೆಯೇ ಇದನ್ನು ಸಾಧ್ಯಮಾಡಿತು ಎಂಬುದನ್ನೂ ಮರೆಯುವಂತಿಲ್ಲ. ಎರಡು ಕೋಲುಗಳು ಒಂದೇ ತೆರನಾಗಿದ್ದರೆ ತಾನೇ ಮೂರನೆಯದು ಎಷ್ಟು ಭಿನ್ನವೆಂದು ತಿಳಿಯುವುದು?

ಹಾಗಾದರೆ ಅಳತೆಯ ದಾಂಡಿಲ್ಲದೆ ಆಟವೇ ಇಲ್ಲವೆ? ಸ್ಪೇನಿನ ಸೆವೆ ಬ್ಯಾಲೆಸ್ಟೆರೋಸ್ ಬಾಲ್ಯದಲ್ಲಿ ಕಡಲತೀರದ ಮರಳಿನಲ್ಲಿ ಒಂದೇ ಒಂದು ಹಳೆಯ ದಾಂಡು ಹಿಡಿದು ಆಟ ಕಲಿತು, ಮೂರು ಬಾರಿ ಬ್ರಿಟಿಷ್ ಓಪನ್ ಗೆದ್ದ. ನಮ್ಮ ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲೇ. ಆದರೆ ಇದೇ ಊರಿನಲ್ಲಿ ಪರರ ಚೀಲ ಹೊರುವ ಕ್ಯಾಡಿಯಾಗಿ ದುಡಿದ ಸಿ. ಮುನಿಯಪ್ಪ ಇಂಡಿಯನ್ ಓಪನ್ ಗೆದ್ದದ್ದು 2009ರಲ್ಲಿ. ಇಂಥವರ ಸಾಧನೆ ದೊಡ್ಡದು. ಅದನ್ನೇ ತೋರಿಸಿ, ಬಡ ಹುಡುಗನಿಗೆ ಸಾಹುಕಾರರು ಬಿಸುಟ ದಾಂಡೇ ಸಾಕು ಎನ್ನುವುದು ಮಾತ್ರ ನ್ಯಾಯವಲ್ಲ. ಒಬ್ಬ ಗೆದ್ದ ಕಡೆ, ತನಗೆ ಹೊಂದದ ಕೋಲಿನೊಡನೆ ಗುದ್ದಾಡಿ ‘ಇದು ನನ್ನಿಂದಾಗದು’ ಎಂದು ಬಿಟ್ಟವರ ಲೆಕ್ಕ ಇಟ್ಟವರಿಲ್ಲ.

ರೇಡಾರ್ ದುಬಾರಿ, ಸರಿ. ಆದರೆ ಮಣಿಕಟ್ಟಿನಿಂದ ನೆಲಕ್ಕೆ ಅಳೆಯಲು ದರ್ಜಿಯ ಟೇಪು ಸಾಕು. ಆಟ ಕಲಿಸುವವರು ಹುಡುಗನ ಬೀಸನ್ನು ತಿದ್ದುವ ಮೊದಲು ಅವನ ಕೈಲಿರುವ ದಾಂಡನ್ನು ಒಮ್ಮೆ ನೋಡುವುದು ಒಳ್ಳೆಯದು. ಕಾವು ಹಾಕುವ ಬಡಗಿ ಇಂದಿಗೂ ಮೊದಲು ಮಾಡುವುದು ಅದನ್ನೇ.