ಪೆಟ್ಟಿಗೆಯ ಮೇಲಿನ ಹುಡುಗ

ಲಿವರ್‌ಪೂಲ್‌ನಲ್ಲಿ ಮಾಂಸ ಆಮದು ಮಾಡುವ ವ್ಯಾಪಾರಿಯೊಬ್ಬರ ಬಳಿ ಫ್ರಾಂಕ್ ಹಾರ್ನ್‌ಬಿ ಎಂಬವರು ಗುಮಾಸ್ತರಾಗಿದ್ದರು. ತನ್ನ ಗಂಡುಮಕ್ಕಳಿಗೆ ಆಟದ ಕ್ರೇನ್ ಮಾಡಿಕೊಡಲು ಅವರು ತಗಡಿನ ಪಟ್ಟಿಗಳನ್ನು ಕತ್ತರಿಸಿ, ಅರ್ಧ ಇಂಚಿಗೊಂದರಂತೆ ತೂತು ಕೊರೆದು, ನಟ್ಟು ಬೋಲ್ಟಿನಿಂದ ಜೋಡಿಸಿದರು. ಕ್ರೇನ್ ಬಿಚ್ಚಿದರೆ ಅದೇ ಪಟ್ಟಿಗಳಿಂದ ಸೇತುವೆ ಕಟ್ಟಬಹುದು. 1901ರಲ್ಲಿ ಇದಕ್ಕೆ ಪೇಟೆಂಟ್ ಪಡೆದಾಗ ಅವರು ಕೊಟ್ಟ ಶೀರ್ಷಿಕೆಯಲ್ಲಿ ಇದ್ದದ್ದು ಮಕ್ಕಳಿಗೂ ಯುವಜನರಿಗೂ ಬೇಕಾದ ಆಟಿಕೆ ಅಥವಾ ಶೈಕ್ಷಣಿಕ ಸಾಧನ ಎಂಬ ಮಾತು. ಹುಡುಗರು ಎಂಬ ಪದ ಅದರಲ್ಲಿ ಇರಲಿಲ್ಲ.

ಆ ಪದ ಬಂದದ್ದು ಅಂಗಡಿಗೆ ಹೋದ ಮೇಲೆ. 1907ರಲ್ಲಿ ಅದಕ್ಕೆ ಮೆಕ್ಯಾನೋ ಎಂದು ಹೆಸರಾಯಿತು. ಪೆಟ್ಟಿಗೆಯ ಮೇಲೆ ಹುಡುಗರ ಚಿತ್ರ, ಜಾಹೀರಾತಿನಲ್ಲಿ ಹುಡುಗರಿಗೆ ಎಂಜಿನಿಯರಿಂಗ್ ಎಂಬ ಘೋಷಣೆ. 1916ರಲ್ಲಿ ಶುರುವಾದ ಮೆಕ್ಯಾನೋ ಮ್ಯಾಗಝಿನ್ ಮಾತಾಡಿದ್ದೂ ಹುಡುಗರ ಜೊತೆಗೇ. ಅಮೆರಿಕದಲ್ಲಿ 1913ರಲ್ಲಿ ಬಂದ ಇರೆಕ್ಟರ್ ಸೆಟ್ಟಿನ ಕಥೆಯೂ ಬೇರೆಯಲ್ಲ.

ಇದರಲ್ಲಿ ಏನು ನಷ್ಟ ಎಂದು ಕೇಳಬಹುದು. ನಾಲ್ಕು ಪಟ್ಟಿಗಳನ್ನು ನಾಲ್ಕು ಬೋಲ್ಟು ಹಾಕಿ ಚೌಕ ಮಾಡಿ ನೋಡಿ; ಕೈಯಲ್ಲಿ ಹಿಡಿದರೆ ಅದು ಒಂದು ಬದಿಗೆ ವಾಲುತ್ತದೆ. ಐದನೆಯ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಬಿಗಿದರೆ ಅಲ್ಲಾಡುವುದಿಲ್ಲ. ರೈಲ್ವೆ ಸೇತುವೆಯ ಕಬ್ಬಿಣಕ್ಕೂ ಇದೇ ನಿಯಮ. ಆಟವಾಡಿದ ಮಗುವಿಗೆ ಇದು ಏಳು ವರ್ಷಕ್ಕೇ ಕೈಗೆ ಗೊತ್ತಾಗುತ್ತದೆ. ಪಟ್ಟಿ ಮುಟ್ಟದ ಹುಡುಗಿ ಇದನ್ನು ಮೊದಲು ಕಾಣುವುದು ಪಾಲಿಟೆಕ್ನಿಕ್‌ನ ಬೋರ್ಡಿನ ಮೇಲೆ, ಅಲ್ಲಿಯ ತನಕ ಹೋದರೆ. ಆಮೇಲೆ ನಾವೇ ಹೇಳುತ್ತೇವೆ, ಮೆಕ್ಯಾನಿಕಲ್ ಹೆಣ್ಣುಮಕ್ಕಳಿಗೆ ಹಿಡಿಸುವುದಿಲ್ಲ ಎಂದು.

ನಮ್ಮ ಮನೆಗಳಿಗೆ ಈ ವಿಂಗಡಣೆ ಗಲ್ಫಿನ ಪೆಟ್ಟಿಗೆಯಲ್ಲಿ ಬಂತು: ಅವನಿಗೆ ರಿಮೋಟ್ ಕಾರು, ಅವಳಿಗೆ ಗೊಂಬೆ. ಪೆರ್ನಾಲ್ ಹಿಂದಿನ ದಿನ ಆಟಿಕೆ ಕೇಳಿ ಬಂದವರಿಗೆ ಅಂಗಡಿಯವನ ಮೊದಲ ಪ್ರಶ್ನೆ, ಹುಡುಗನಿಗಾ ಹುಡುಗಿಗಾ? ಮಗುವಿನ ಪ್ರಾಯ ಕೇಳುವುದು ಆಮೇಲೆ. ನಾನು ಅಂಗಡಿಯಲ್ಲಿ ಬೆಳೆದವನು, ಇದು ವ್ಯಾಪಾರಕ್ಕೆ ಸಲೀಸು ಎಂದು ಗೊತ್ತು. ಅಣ್ಣ ತಂಗಿಗೆ ಬೇರೆ ಬೇರೆ ಸಾಮಾನು ಬೇಕಾದರೆ ಎರಡು ಮಾರಾಟ.

ಇದನ್ನು ತಿದ್ದುವ ಪ್ರಯತ್ನಗಳೂ ನಡೆದಿವೆ. 1974ರಲ್ಲಿ ಲೆಗೋ ಕಂಪೆನಿ ಪೆಟ್ಟಿಗೆಯೊಳಗೆ ತಂದೆತಾಯಿಗೆ ಒಂದು ಚೀಟಿ ಇಟ್ಟಿತ್ತು: ಕಟ್ಟುವ ಆಸೆ ಹುಡುಗನಿಗೂ ಹುಡುಗಿಗೂ ಒಂದೇ, ಮಗುವಿಗೆ ಬೇಕಾದದ್ದನ್ನು ಕಟ್ಟಲು ಬಿಡಿ ಎಂಬ ಅರ್ಥದ್ದು. ಅದೇ ಕಂಪೆನಿ 2012ರಲ್ಲಿ ಹುಡುಗಿಯರಿಗೆಂದೇ ತಿಳಿಬಣ್ಣದ ಲೆಗೋ ಫ್ರೆಂಡ್ಸ್ ತಂದಿತು. ಟೀಕೆ ಬಂತು, ಮಾರಾಟವೂ ಜೋರಾಯಿತು. 2014ರಲ್ಲಿ ಎಲ್ಲೆನ್ ಕೊಯ್ಮನ್ ಎಂಬ ವಿಜ್ಞಾನಿ ಸೂಚಿಸಿದ ಸೆಟ್ ಹೊರಬಂತು. ಅದರಲ್ಲಿ ಮೂವರು ಹೆಂಗಸರು. ಒಬ್ಬಳು ದೂರದರ್ಶಕದ ಮುಂದೆ, ಒಬ್ಬಳು ಡೈನೋಸಾರ್ ಮೂಳೆಯ ಜೊತೆ, ಒಬ್ಬಳು ರಾಸಾಯನಿಕ ಪ್ರಯೋಗದಲ್ಲಿ. ಅದು ಬೇಗನೆ ಖಾಲಿಯಾಯಿತು.

ಸ್ಟ್ಯಾನ್‌ಫರ್ಡ್‌ನಲ್ಲಿ ಎಂಜಿನಿಯರಿಂಗ್ ಕಲಿತ ಡೆಬಿ ಸ್ಟರ್ಲಿಂಗ್ 2012ರಲ್ಲಿ ಜನರಿಂದ ಹಣ ಕೂಡಿಸಿ ಗೋಲ್ಡಿಬ್ಲಾಕ್ಸ್ ಆಟ ಶುರುಮಾಡಿದರು. ಗೋಲ್ಡಿ ಎಂಬ ಹುಡುಗಿಯ ಕಥೆ ಓದುತ್ತಾ ಗಾಲಿಗಳಿಗೆ ರಿಬ್ಬನ್ ಸುತ್ತಬೇಕು. ಒಂದನ್ನು ತಿರುಗಿಸಿದರೆ ಎಲ್ಲವೂ ತಿರುಗುತ್ತವೆ. ಅಕ್ಕಿ ಮಿಲ್ಲಿನ ಬೆಲ್ಟಿನ ಕೆಲಸವೇ ಅದು. ಹುಡುಗಿಯರಿಗೆ ಕಥೆ ಇಷ್ಟ ಎಂಬ ಲೆಕ್ಕದಲ್ಲಿ ಅದನ್ನು ಮಾಡಿದರಂತೆ, ಇದೂ ಒಂದು ಸಿದ್ಧ ಅಭಿಪ್ರಾಯವೇ ಅಲ್ಲವೇ ಎಂದು ನನಗೆ ಅನಿಸುತ್ತದೆ. ಆದರೂ ಪೆಟ್ಟಿಗೆಯ ಮೇಲೆ ಹುಡುಗಿ ಬಂದಳು, ಕೈಯಲ್ಲಿ ಯಂತ್ರ ಬಂತು. ಅದು ಸಣ್ಣದಲ್ಲ.

ಉಲ್ಟಾ ಉದಾಹರಣೆ ಬೇಕೆಂದರೆ ತುಳುನಾಡಿನ ಚೆನ್ನೆಮಣೆ ಇದೆ. ಏಳೇಳರಂತೆ ಹದಿನಾಲ್ಕು ಗುಳಿ, ಆಟಿ ತಿಂಗಳ ಮಳೆ, ಆಡುವವರು ಹೆಚ್ಚಾಗಿ ಹೆಂಗಸರು. ಯಾವ ಗುಳಿಯ ಕಾಯಿ ಎತ್ತಿ ಹಂಚಿದರೆ ಕೊನೆಯದು ಎಲ್ಲಿ ಬೀಳುತ್ತದೆ ಎಂದು ಮೊದಲೇ ಲೆಕ್ಕ ಹಾಕಬೇಕು. ಕಾಗದ ಪೆನ್ಸಿಲ್ ಇಲ್ಲದ ಗಣಿತ. ಅದನ್ನು ಹೆಂಗಸರ ಹೊತ್ತು ಕಳೆಯುವ ಆಟ ಎಂದು ತಳ್ಳಿಬಿಟ್ಟೆವು. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡೆ ಹಳೆಯ ಮಣೆ ಅಟ್ಟದಲ್ಲಿದ್ದರೆ ಕೆಳಗಿಳಿಸಿ, ಒಂದು ಬದಿಗೆ ಮಗನನ್ನೂ ಕೂರಿಸಿ. ಆಟಿಯ ಮಳೆಗೆ ಅವನ ಕ್ರಿಕೆಟ್ ಹೇಗೂ ನಡೆಯುವುದಿಲ್ಲ.